ಕ್ಷಯ ನಿಯಂತ್ರಣ ಮತ್ತು ಪ್ರಾಥಮಿಕ ಚಿಕಿತ್ಸಾಲಯ

೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದಿದ್ದ ಪ್ರಮುಖ ಪ್ರಶ್ನೆಯೆಂದರೆ, ಹಳ್ಳಿಯ ರೋಗಿಯನ್ನು ಪತ್ತೆಹಚ್ಚುವುದು ಹೇಗೆ? ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿ, ೧೯೬೩ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಅನಿರೀಕ್ಷಿತ ಉತ್ತರವನ್ನೇ ನೀಡಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸಾಲಯಕ್ಕೆ ಹೋಗಿದ್ದರು. ಆದರೆ ಅವರಲ್ಲಿ ಹೆಚ್ಚಿನವರು ಕೆಮ್ಮಿನ ಔಷಧದ ಸೀಸೆಯೊಂದಿಗೆ ಹಿಂದಿರುಗಿದ್ದರು. ಅರಿವಿನ ಕೊರತೆಯಿದ್ದುದು ಜನರಲ್ಲಿ ಮಾತ್ರವಲ್ಲ.

ಇದೇ ಸಂಸ್ಥೆಯಲ್ಲಿ ರೂಪುಗೊಂಡು ೧೯೬೨ರಲ್ಲಿ ಜಾರಿಗೆ ಬಂದ ಜಿಲ್ಲಾ ಕ್ಷಯ ಕಾರ್ಯಕ್ರಮದಂತೆ, ಬೆಂಗಳೂರಿನಲ್ಲಿ ತರಬೇತಿ ಪಡೆದ ಜಿಲ್ಲಾ ತಂಡವು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸ್ವತಃ ತೆರಳಿ, ದೀರ್ಘಕಾಲದ ಕೆಮ್ಮುಳ್ಳವರ ಕಫ ಪರೀಕ್ಷಿಸುವ ಕ್ರಮವನ್ನು ಅಲ್ಲಿನ ಸಿಬ್ಬಂದಿಗೆ ಕಲಿಸಬೇಕಿತ್ತು. ಕೇವಲ ಸುತ್ತೋಲೆಯಿಂದ ಆಗುವ ಕಾರ್ಯವಲ್ಲವಿದು. ಮೂರು ದಶಕಗಳ ತರುವಾಯ, ೧೯೯೨ರ ಪರಾಮರ್ಶೆಯಲ್ಲಿ, ವೈದ್ಯರು ಕಫ ಪರೀಕ್ಷೆಗಿಂತ ಎಕ್ಸ್‌-ರೇಯನ್ನೇ ಅತಿಯಾಗಿ ನೆಚ್ಚಿದ್ದುದು ಕಂಡುಬಂದಿತು.