ನಕಲಿನ ನಕಲಿನಲ್ಲಿ ಉಳಿದ ಪಂದ್ಯಗಳು

1986ರ ಅಕ್ಟೋಬರ್ 7. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಟ್ಟಣದಲ್ಲಿ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಎಫ್ ಟಿವಿ ಚಿತ್ರೀಕರಣ ಇಟ್ಟುಕೊಂಡಿತ್ತು. ಅಂದು ಪ್ರಸಾರಕ್ಕೆಂದು ಆಡಿಸದ ಒಂದು ಪಂದ್ಯದಲ್ಲಿ ಕೆನಡಾದ ಟಾಮ್ ಮಗೀ ಮತ್ತು ಬ್ರೆಟ್ ಹಾರ್ಟ್ ಎದುರಾದರು. ಮಗೀ ಭಾರ ಎತ್ತುವುದರಲ್ಲಿ ಹೆಸರಾದವರು, ಬೆಟ್ಟದಂಥ ಮೈಕಟ್ಟಿನವರು. ಆದರೆ ರಿಂಗ್ ಅವರಿಗೆ ಇನ್ನೂ ಒಗ್ಗಿರಲಿಲ್ಲ. ಹಾರ್ಟ್ ತಾವು ಬಿದ್ದು, ಎದ್ದು, ಹೊರಳಿ ಅವರನ್ನು ಎಷ್ಟು ಚೆನ್ನಾಗಿ ಮೆರೆಸಿದರೆಂದರೆ, ಮುಂದಿನ ಹಲ್ಕ್ ಹೋಗನ್ ಸಿಕ್ಕಿಬಿಟ್ಟರೆಂದು ಮಾಲೀಕ ವಿನ್ಸ್ ಮೆಕ್‌ಮಹೊನ್ ಹಿಗ್ಗಿದರು ಎಂಬ ಕಥೆ ಹುಟ್ಟಿಕೊಂಡಿತು. ಮಗೀ ಮುಂದೆ ದೊಡ್ಡ ತಾರೆಯಾಗಲಿಲ್ಲ. ಪಂದ್ಯದ ಕಥೆ ಮಾತ್ರ ಬೆಳೆಯುತ್ತ ಹೋಯಿತು. ಕ್ಯಾಸೆಟ್ ಸಂಗ್ರಾಹಕರು ಮೂರು ದಶಕ ಹುಡುಕಿದರೂ ಅದರ ನಕಲು ಸಿಗಲಿಲ್ಲ. 2019ರಲ್ಲಿ ಅದು ಕೊನೆಗೂ ದೊರೆತದ್ದು ಕಂಪನಿಯ ಉಗ್ರಾಣದಲ್ಲಲ್ಲ. ಹಾರ್ಟ್ ಎಂದೋ ಒಬ್ಬ ಅಭಿಮಾನಿಗೆ ಕೊಟ್ಟಿದ್ದ ಕ್ಯಾಸೆಟ್‌ಗಳ ರಾಶಿಯಲ್ಲಿ ಅದು ಸಿಕ್ಕಿತು. ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಈ ಹುಡುಕಾಟವನ್ನೇ ಸಾಕ್ಷ್ಯಚಿತ್ರ ಮಾಡಿ ತೋರಿಸಿತು.

ಅಪರೂಪದ ರೆಸ್ಲಿಂಗ್ ವಿಡಿಯೊಗಳ ಚರಿತ್ರೆಯಲ್ಲಿ ಇಂಥದು ಮತ್ತೆ ಮತ್ತೆ ನಡೆದಿದೆ. ಕ್ಯಾಮೆರಾ ಹಿಡಿದವರು ಕಳೆದುಕೊಂಡದ್ದನ್ನು ನೋಡಿದವರು ಉಳಿಸಿಕೊಂಡಿದ್ದಾರೆ. ಅಂಚೆಯ ಪೊಟ್ಟಣ, ಚಾಟ್ ಚಾನೆಲ್, ಟೊರೆಂಟ್, ಟೆಲಿಗ್ರಾಂ ಎಂದು ದಾರಿಗಳು ಬದಲಾಗುತ್ತ ಬಂದಿವೆ. ನಕಲು ಮಾಡಿ ಹಂಚುವ ಕೈಗಳು ಮಾತ್ರ ಪ್ರತಿ ತಲೆಮಾರಿನಲ್ಲೂ ಇದ್ದವು.

ಕಳೆದುಹೋದದ್ದು ಎಷ್ಟೆಂಬ ಅಂದಾಜಿಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1920ರ ಜನವರಿ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಸ್ಟೆಚರ್ ಮತ್ತು ಅರ್ಲ್ ಕ್ಯಾಡಕ್ ಎರಡು ಗಂಟೆಗೂ ಹೆಚ್ಚು ಹೊತ್ತು ಸೆಣಸಿದರು. ಅದರ ಮೂಕಿ ಚಿತ್ರದ ಭಾಗ ಇಂದಿಗೂ ನೋಡಸಿಗುತ್ತದೆ. ಅಷ್ಟು ಹಳೆಯದು ಉಳಿದಿರುವುದು ಅದೃಷ್ಟ, ಏಕೆಂದರೆ ಮೂವತ್ತು ವರ್ಷಗಳ ನಂತರದ್ದಕ್ಕೂ ಆ ಭಾಗ್ಯವಿರಲಿಲ್ಲ. ಷಿಕಾಗೊದ ಮೇರಿಗೋಲ್ಡ್ ಅಖಾಡದ ಪಂದ್ಯಗಳನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದು ಡ್ಯೂಮಾಂಟ್ ಟಿವಿ ಜಾಲ. ಆ ಜಾಲದ ಕಾರ್ಯಕ್ರಮಗಳ ದಾಸ್ತಾನನ್ನು 1970ರ ದಶಕದಲ್ಲಿ ಲಾರಿಗಳಲ್ಲಿ ಸಾಗಿಸಿ ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಸುರಿಯಲಾಯಿತೆಂದು ನಟಿ ಈಡಿ ಆಡಮ್ಸ್ 1996ರಲ್ಲಿ ಸಾಕ್ಷ್ಯ ನುಡಿದರು. ಮೆಂಫಿಸ್‌ನಲ್ಲಿ ಶನಿವಾರ ಬೆಳಗಿನ ರೆಸ್ಲಿಂಗ್ ಊರಿಗೆ ಊರೇ ನೋಡುತ್ತಿದ್ದ ಕಾರ್ಯಕ್ರಮ. ಆದರೆ ಟೇಪು ದುಬಾರಿಯಾದ್ದರಿಂದ ಹಳೆಯದರ ಮೇಲೆಯೇ ಹೊಸದನ್ನು ಮುದ್ರಿಸುತ್ತಿದ್ದರು. ಇಂದು ನಾವು ನೋಡುವ ಮೆಂಫಿಸ್ ಪಂದ್ಯಗಳಲ್ಲಿ ಬಹಳಷ್ಟು, ಯಾರೋ ತಮ್ಮ ಮನೆಯ ವಿಸಿಆರ್ ಗುಂಡಿ ಒತ್ತಿ ಹಿಡಿದಿಟ್ಟವು.

ವಿಸಿಆರ್ ಬಂದ ಮೇಲೆ ಕೊಡುಕೊಳ್ಳುವ ಜಾಲ ಹುಟ್ಟಿತು. ಇದರಲ್ಲಿ ಒಂದು ತಾಂತ್ರಿಕ ಕಾಕತಾಳೀಯದ ಪಾತ್ರ ದೊಡ್ಡದು. ಅಮೆರಿಕದ ಟಿವಿಯೂ ಜಪಾನಿನ ಟಿವಿಯೂ ಬಳಸುತ್ತಿದ್ದದ್ದು ಎನ್‌ಟಿಎಸ್‌ಸಿ ಪದ್ಧತಿಯನ್ನು. ಟೋಕಿಯೊದಲ್ಲಿ ಮುದ್ರಿಸಿದ ಕ್ಯಾಸೆಟ್ ನ್ಯೂಜೆರ್ಸಿಯ ಮನೆಯಲ್ಲಿ ನೇರವಾಗಿ ಓಡುತ್ತಿತ್ತು. ಇಂಗ್ಲೆಂಡಿನದು, ನಮ್ಮದು ಪಾಲ್ ಪದ್ಧತಿ. ಅವುಗಳನ್ನು ಪರಿವರ್ತಿಸಬೇಕಿತ್ತು, ಪರಿವರ್ತಿಸಿದಾಗ ಚಿತ್ರ ಕೆಡುತ್ತಿತ್ತು. 1981ರ ಏಪ್ರಿಲ್ 23ರಂದು ಟೋಕಿಯೊದ ಕುರಾಮಾಎ ಕೊಕುಗಿಕಾನ್‌ನಲ್ಲಿ ಹುಲಿ ಮುಖವಾಡ ತೊಟ್ಟ ಸತೋರು ಸಯಾಮಾ, ಇಂಗ್ಲೆಂಡಿನ ಡೈನಮೈಟ್ ಕಿಡ್ ಎದುರು ಟೈಗರ್ ಮಾಸ್ಕ್ ಆಗಿ ಮೊದಲ ಸಲ ಇಳಿದರು. ಆ ವೇಗವನ್ನು ಅಮೆರಿಕದ ಅಭಿಮಾನಿಗಳು ನೋಡಿದ್ದು ಸಾಗರ ದಾಟಿದ ಕ್ಯಾಸೆಟ್‌ಗಳಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ಡೇವ್ ಮೆಲ್ಟ್ಸರ್ ತಮ್ಮ ‘ರೆಸ್ಲಿಂಗ್ ಅಬ್ಸರ್ವರ್’ ಸುದ್ದಿಪತ್ರದಲ್ಲಿ ಪಂದ್ಯಗಳಿಗೆ ನಕ್ಷತ್ರ ಕೊಡತೊಡಗಿದ ಮೇಲಂತೂ ಯಾವುದನ್ನು ಹುಡುಕಬೇಕು ಎಂಬುದಕ್ಕೆ ಒಂದು ದಿಕ್ಕು ಸಿಕ್ಕಿತು.

ವಿನಿಮಯದವರು ಟೈಪ್ ಮಾಡಿದ ಪಟ್ಟಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ದಿನಾಂಕ, ಊರು, ಆಡಿದವರು, ಚಿತ್ರದ ಗುಣಮಟ್ಟ, ಮತ್ತು ಮುಖ್ಯವಾಗಿ ಎಷ್ಟನೆಯ ತಲೆಮಾರಿನ ನಕಲು. ಎರಡು ವಿಸಿಆರ್‌ಗಳಿಗೆ ತಂತಿ ಜೋಡಿಸಿ ನಕಲು ಮಾಡಿದಾಗಲೆಲ್ಲ ಬಣ್ಣ ಸ್ವಲ್ಪ ಹರಡುತ್ತದೆ, ಗೆರೆ ಸ್ವಲ್ಪ ಮಾಸುತ್ತದೆ. ಎರಡು ಗಂಟೆಯ ಕ್ಯಾಸೆಟ್ಟಿನಲ್ಲಿ ನಿಧಾನಗತಿಯಲ್ಲಿ ಆರು ಗಂಟೆ ತುಂಬಿಸಿದರೆ ಇನ್ನೂ ಮಸುಕು. ಐದಾರನೆಯ ತಲೆಮಾರಿನ ನಕಲಿನಲ್ಲಿ ಮುಖ ಗುರುತು ಸಿಗುವುದಿಲ್ಲ. ಯಾರು ಯಾರೆಂದು ಚಡ್ಡಿಯ ಬಣ್ಣದಿಂದ, ನಡಿಗೆಯಿಂದ ತಿಳಿಯಬೇಕು. ಇಷ್ಟು ಕಷ್ಟದ ಈ ವ್ಯವಹಾರ ರೆಸ್ಲಿಂಗ್ ಆಡುವ ರೀತಿಯನ್ನೇ ಬದಲಾಯಿಸಿತು. 1994ರ ಏಪ್ರಿಲ್ 16ರಂದು ಟೋಕಿಯೊದ ರ್ಯೊಗೊಕುವಿನಲ್ಲಿ ನಡೆದ ಸೂಪರ್ ಜೆ-ಕಪ್ ಪಂದ್ಯಾವಳಿಯ ಕ್ಯಾಸೆಟ್ಟು ಕೈಯಿಂದ ಕೈಗೆ ದಾಟಿತು. ಫಿಲಡೆಲ್ಫಿಯಾದ ಪುಟ್ಟ ಸಂಸ್ಥೆ ಇಸಿಡಬ್ಲ್ಯು, ಕ್ಯಾಸೆಟ್‌ಗಳಲ್ಲಿ ಮಾತ್ರ ಹೆಸರಾಗಿದ್ದವರನ್ನು ಕರೆತಂದು ಇಳಿಸಿತು. 1995ರಲ್ಲಿ ಮೆಕ್ಸಿಕೊ ಶೈಲಿಯ ರೇ ಮಿಸ್ಟೀರಿಯೊ ಮತ್ತು ಸಿಕೋಸಿಸ್ ಅಲ್ಲಿ ಹಾರಾಡಿದಾಗ, ಅವರನ್ನು ಕ್ಯಾಸೆಟ್ಟಿನಲ್ಲಿ ಮೊದಲೇ ನೋಡಿದ್ದ ಅನೇಕರು ಆ ಸಭಾಂಗಣದಲ್ಲಿದ್ದರು.

ಇನ್ನು ಚಾಟ್ ಜಾಲದ ಕಾಲ. ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಪ್ರೀತಿಯ ಅಧ್ಯಾಯ ಇದು.

ಫಿನ್ಲೆಂಡಿನ ಊಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕರಿನೆನ್ 1988ರಲ್ಲಿ ಬರೆದ ಐಆರ್‌ಸಿ, ಮೂಲತಃ ಹರಟೆಗೆಂದು ಮಾಡಿದ್ದು. ‘#’ ಗುರುತಿನಿಂದ ಶುರುವಾಗುವ ಚಾನೆಲ್‌ಗಳಲ್ಲಿ ನೂರಾರು ಜನ ಒಟ್ಟಿಗೆ ಕೂತು ಅಕ್ಷರಗಳಲ್ಲಿ ಮಾತಾಡಬಹುದಿತ್ತು. ಅದಕ್ಕೆ ಡಿಸಿಸಿ ಎಂಬ ಉಪಾಯ ಸೇರಿಕೊಂಡಿತು. ಫೈಲು ಚಾಟ್ ಸರ್ವರಿನ ಮೂಲಕ ಹೋಗದೆ ಕೊಡುವವರ ಕಂಪ್ಯೂಟರಿನಿಂದ ಪಡೆಯುವವರ ಕಂಪ್ಯೂಟರಿಗೆ ನೇರ ಹೋಗುತ್ತಿತ್ತು. 1995ರಲ್ಲಿ ಖಾಲಿದ್ ಮರ್ದಮ್-ಬೇ ಅವರ ಎಮ್‌ಐಆರ್‌ಸಿ ತಂತ್ರಾಂಶ ಬಂದ ಮೇಲೆ ವಿಂಡೋಸ್ ಇದ್ದ ಯಾರು ಬೇಕಾದರೂ ಇದನ್ನು ಬಳಸುವಂತಾಯಿತು. ಚಾನೆಲ್‌ಗಳಲ್ಲಿ ಬಾಟ್‌ಗಳು ನಿಂತವು. ಬಾಟ್ ಎಂದರೆ ತಾನಾಗಿಯೇ ಓಡುವ ತಂತ್ರಾಂಶ. ಅದು ತನ್ನ ಬಳಿ ಇರುವ ಫೈಲುಗಳ ಪಟ್ಟಿಯನ್ನು ಅಂಕಿ ಹಾಕಿ ಆಗಾಗ ಸಾರುತ್ತದೆ. ಬೇಕಾದ ಅಂಕಿ ಕೇಳಿದರೆ, ಜಾಗವಿದ್ದರೆ ಕೂಡಲೇ ಕಳಿಸುತ್ತದೆ, ಇಲ್ಲದಿದ್ದರೆ ಸರದಿಗೆ ಹಾಕುತ್ತದೆ. ಇದಕ್ಕೆ ಎಕ್ಸ್‌ಡಿಸಿಸಿ ಎಂದು ಹೆಸರು. ಇನ್ನು ಕೆಲವರು ತಮ್ಮ ಡಿಸ್ಕಿನ ಕಪಾಟನ್ನೇ ತೆರೆದಿಡುತ್ತಿದ್ದರು. ಒಂದು ಪಾಲು ಕೊಟ್ಟರೆ ಎರಡು ಮೂರು ಪಾಲು ಒಯ್ಯಬಹುದೆಂಬ ಲೆಕ್ಕ. ಹಳೆಯ ಅಂಚೆ ವಿನಿಮಯದ ಶಿಸ್ತೇ ಹೊಸ ಬಟ್ಟೆ ತೊಟ್ಟು ಬಂದಂತಿತ್ತು.

ವೇಗದ ಮಾತು ಹೇಳಲೇಬೇಕು. 56ಕೆ ಮೋಡೆಮ್ ಚೆನ್ನಾಗಿ ಓಡಿದರೆ ಸೆಕೆಂಡಿಗೆ ಐದೂವರೆ ಕೆಬಿ. 100 ಎಂಬಿ ಫೈಲಿಗೆ ಐದು ಗಂಟೆ ದಾಟುತ್ತಿತ್ತು. ಆದ್ದರಿಂದ ಪಂದ್ಯಗಳನ್ನು ಅಂಚೆಚೀಟಿಯಷ್ಟು ಚಿತ್ರದ ರಿಯಲ್ ವಿಡಿಯೊಗೆ ಹಿಂಡುತ್ತಿದ್ದರು. ಬ್ರಾಡ್‌ಬ್ಯಾಂಡ್ ಇದ್ದವರು ವಿಸಿಡಿ ಅಳತೆಯ ಫೈಲು ಕೇಳುತ್ತಿದ್ದರು.

ನಾನು ಈ ಲೋಕಕ್ಕೆ ಕಾಲಿಟ್ಟದ್ದು ಮೈಸೂರಿನ ಒಂದು ಸೈಬರ್ ಕೆಫೆಯಿಂದ. ತೊಂಬತ್ತರ ದಶಕದಲ್ಲಿ ಕೇಬಲ್ಲಿನ ಪ್ರೈಮ್ ಸ್ಪೋರ್ಟ್ಸ್ ನೋಡಿ, ರೆಸ್ಲಿಂಗ್ ಕಾರ್ಡುಗಳಿಗಾಗಿ ಜಗಳವಾಡಿ ಬೆಳೆದವರು ನಾವು. ಟಿವಿಯಲ್ಲಿ ಬಾರದ ಜಪಾನಿನ ಪಂದ್ಯಗಳ ಹೆಸರು ಕೇಳಿಯೇ ಮೈ ಜುಮ್ಮೆನ್ನುತ್ತಿತ್ತು. 1994ರ ಜೂನ್ 3ರಂದು ಟೋಕಿಯೊದ ಬುಡೋಕಾನ್‌ನಲ್ಲಿ ಮಿತ್ಸುಹಾರು ಮಿಸಾವಾ ಮತ್ತು ತೊಶಿಯಾಕಿ ಕವಾಡಾ ನಡುವೆ ನಡೆದ ಪಂದ್ಯಕ್ಕಾಗಿ ನಾನು ಸರದಿಯಲ್ಲಿ ಹದಿನಾಲ್ಕನೆಯವನಾಗಿ ನಿಂತೆ. ಬಾಡಿಗೆಯ ಗಂಟೆ ಮುಗಿಯಿತು, ಸರದಿ ಬರಲಿಲ್ಲ. ಮರುದಿನ ಮತ್ತೆ ನಿಂತೆ. ಅರ್ಧ ಬಂದು ಕರೆಂಟು ಹೋಯಿತು. ಪುಣ್ಯಕ್ಕೆ, ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಡಿಸಿಸಿಯಲ್ಲಿತ್ತು. ನಾಲ್ಕನೆಯ ದಿನ ಫೈಲು ಪೂರ್ತಿಯಾಯಿತು. ಕೆಫೆಯವರು ಅದನ್ನು ಸಿಡಿಗೆ ಬರೆದುಕೊಟ್ಟರು. ಆ ಮಸುಕು ಚಿತ್ರದಲ್ಲಿ ಮೂವತ್ತೈದು ನಿಮಿಷ ಇಬ್ಬರೂ ಹೊಡೆದುಕೊಂಡ ರೀತಿ ಇಂದಿಗೂ ನನ್ನ ಕಣ್ಣಲ್ಲಿದೆ. ಫಲಿತಾಂಶ ಮೊದಲೇ ನಿಗದಿಯಾದ ಆಟ ಇದು ಎಂದು ಗೊತ್ತಿದ್ದೂ, ದಣಿವಿನಲ್ಲಿ ಕವಾಡಾ ಅವರ ಮೊಣಕಾಲು ಮಡಿಚಿಕೊಂಡಾಗ ಎದೆ ಹಿಡಿದುಕೊಂಡೆ.

ಒಂದು ಸಂಕಟ ಮಾತ್ರ ಉಳಿಯಿತು. ಡಿಸಿಸಿಯಲ್ಲಿ ಕಳಿಸುವವರ ಕಂಪ್ಯೂಟರು ಹೊರಗಿನವರಿಗೆ ಬಾಗಿಲು ತೆರೆದಿಡಬೇಕು. ಹತ್ತು ಕಂಪ್ಯೂಟರುಗಳು ಒಂದೇ ಸಂಪರ್ಕ ಹಂಚಿಕೊಂಡ ಕೆಫೆಯಲ್ಲಿ ಆ ಬಾಗಿಲು ತೆರೆಯುತ್ತಿರಲಿಲ್ಲ. ಪಡೆಯಬಹುದು, ಕೊಡಲಾಗದು. ಕೊಟ್ಟು ತೆಗೆದುಕೊಳ್ಳುವುದೇ ಮರ್ಯಾದೆಯಾಗಿದ್ದ ಜಾಗದಲ್ಲಿ ನಾವು ಭಾರತದ ಹುಡುಗರು ಯಾವಾಗಲೂ ಸಾಲಗಾರರು. ಆದರೂ ಬೇರೆ ದೇಶದ ಅಪರಿಚಿತರು ನಮಗಾಗಿ ಲೆಕ್ಕ ಸಡಿಲಿಸುತ್ತಿದ್ದರು. ಕೇಳಿದ್ದಕ್ಕೆ ಫೈಲು ಕೊಟ್ಟು, ಕೇಳದೇ ಅದರ ಹಿನ್ನೆಲೆ ಹೇಳುತ್ತಿದ್ದರು. ಕವಾಡಾ ಯಾರು, ಮಿಸಾವಾ ಅವರ ಜೊತೆ ಒಂದೇ ಶಾಲೆಯಲ್ಲಿ ಕುಸ್ತಿ ಕಲಿತದ್ದು ಹೇಗೆ, ಈ ಏಟಿಗೆ ಜನ ಯಾಕೆ ಕೂಗಿದರು ಎಂದೆಲ್ಲ. ಚಾಟ್ ಜಾಲದ ನಿಜವಾದ ಬೆಲೆ ಅಲ್ಲಿತ್ತು. ಫೈಲಿನ ಪಕ್ಕದಲ್ಲಿ ಅದನ್ನು ಬಲ್ಲ ಒಬ್ಬರು ಕೂತಿರುತ್ತಿದ್ದರು.

ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ವೇಗವನ್ನು ಎಷ್ಟೋ ಪಟ್ಟು ಹೆಚ್ಚಿಸಿತು. ಎಲ್ಲರೂ ಬೇಡುವ ಹೊಸ ಕಾರ್ಯಕ್ರಮಕ್ಕೆ ಅದಕ್ಕಿಂತ ಉತ್ತಮ ದಾರಿ ಇರಲಿಲ್ಲ. ಆದರೆ ಟೊರೆಂಟಿಗೆ ಗುಂಪು ಬೇಕು. ಜಗತ್ತಿನಲ್ಲಿ ಹದಿನೈದು ಜನರಿಗಷ್ಟೇ ಬೇಕಾದ ಪಂದ್ಯವನ್ನು ಹಂಚುವವರು ಒಂದು ವಾರದಲ್ಲಿ ಕರಗಿಹೋಗುತ್ತಾರೆ, ಫೈಲು ಶೇಕಡ 97ಕ್ಕೆ ನಿಂತುಬಿಡುತ್ತದೆ. ಹಠ ಹಿಡಿದು ವರ್ಷಗಟ್ಟಲೆ ಉರಿಯುವ ಒಂದೇ ಒಂದು ಬಾಟ್ ಅಪರೂಪದ್ದಕ್ಕೆ ಹೆಚ್ಚು ನಂಬಿಗಸ್ತ. ಹಳೆಯ ಪಂದ್ಯ ಹುಡುಕುವವರು ಟೊರೆಂಟಿನ ಯುಗದಲ್ಲೂ ಐಆರ್‌ಸಿ ಬಿಡದಿದ್ದದ್ದು ಇದಕ್ಕೇ.

2005ರಲ್ಲಿ ಯೂಟ್ಯೂಬ್ ಬಂತು. ಮರುವರ್ಷವೇ ಹತ್ತು ನಿಮಿಷದ ಮಿತಿ ಹಾಕಿತು. ಒಂದು ಪಂದ್ಯ ಮೂರು ನಾಲ್ಕು ತುಂಡಾಗಿ ಏರುತ್ತಿತ್ತು. ಹಕ್ಕುದಾರರು ದೂರಿದರೆ ನಡುವಿನ ತುಂಡು ಮಾಯ, ಮೂರು ದೂರು ಬಂದರೆ ಖಾತೆಯೇ ಮಾಯ, ಜೊತೆಗೆ ಅದರಲ್ಲಿದ್ದ ಎಲ್ಲವೂ. ಎಷ್ಟೋ ಜನ ಯೂಟ್ಯೂಬನ್ನೇ ಕಪಾಟು ಎಂದು ನಂಬಿ ತಮ್ಮ ಕ್ಯಾಸೆಟ್‌ಗಳನ್ನು ಎಸೆದರು. ಅದು ದೊಡ್ಡ ನಷ್ಟ.

ಕಂಪನಿಗಳೂ ಎಚ್ಚೆತ್ತವು. ಡಬ್ಲ್ಯುಡಬ್ಲ್ಯುಎಫ್, ಅಂದರೆ ಇಂದಿನ ಡಬ್ಲ್ಯುಡಬ್ಲ್ಯುಇ, 2001ರಲ್ಲಿ ತನ್ನ ಪ್ರತಿಸ್ಪರ್ಧಿ ಡಬ್ಲ್ಯುಸಿಡಬ್ಲ್ಯುವನ್ನು ಕೊಂಡಿತು. ಆಮೇಲೆ ಒಂದೊಂದೇ ಹಳೆಯ ಸಂಸ್ಥೆಯ ಟೇಪುಗಳನ್ನು ಕೊಳ್ಳುತ್ತ, 2014ರ ಫೆಬ್ರುವರಿಯಲ್ಲಿ ತನ್ನದೇ ನೆಟ್‌ವರ್ಕ್ ತೆರೆಯಿತು. ಅದೇ ಡಿಸೆಂಬರಿನಲ್ಲಿ ಜಪಾನಿನ ನ್ಯೂ ಜಪಾನ್ ಸಂಸ್ಥೆ ತನ್ನ ಸೇವೆ ಆರಂಭಿಸಿತು. ಹಣ ಕೊಟ್ಟು ಪ್ರಾಮಾಣಿಕವಾಗಿ ನೋಡುವ ದಾರಿ ಇದ್ದಾಗ ಅದರಲ್ಲೇ ನಡೆಯಬೇಕು. ಆಡಿದವರ, ಚಿತ್ರಿಸಿದವರ ಪಾಲು ಅವರಿಗೆ ಸಲ್ಲಬೇಕು. ಹೊಸ ಕಾರ್ಯಕ್ರಮವನ್ನು ಅದೇ ರಾತ್ರಿ ಕದ್ದು ಹಂಚುವುದನ್ನು ನಾನು ಒಪ್ಪುವುದಿಲ್ಲ. ಆದರೆ ಮಾರಾಟಕ್ಕೇ ಇಡದ, ಮುಂದೆಯೂ ಇಡದ ಪಂದ್ಯದ ಮಾತು ಬೇರೆ. ಕಂಪನಿಯ ಉಗ್ರಾಣದಿಂದಲೂ ಬೆರಗು ಹುಟ್ಟುವುದುಂಟು. 1983ರ ಅಕ್ಟೋಬರಿನಲ್ಲಿ ಅಟ್ಲಾಂಟಾದ ಓಮ್ನಿಯಲ್ಲಿ ಟಾಮಿ ರಿಚ್ ಮತ್ತು ಬಜ್ ಸಾಯರ್ ಚಾವಣಿ ಮುಚ್ಚಿದ ಪಂಜರದೊಳಗೆ ಆಡಿದ ಪಂದ್ಯ ಇಲ್ಲವೇ ಇಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. 2016ರಲ್ಲಿ ಅದು ಹೊರಬಂತು. ಇನ್ನೊಂದೆಡೆ, ಇಸಿಡಬ್ಲ್ಯು ಪಂದ್ಯಗಳ ಅಧಿಕೃತ ಆವೃತ್ತಿಗಳಲ್ಲಿ ಹಾಡಿನ ಹಕ್ಕಿಲ್ಲದ ಕಾರಣ ಮೂಲ ಸಂಗೀತ ತೆಗೆದು ಬೇರೇನೋ ತುಂಬಿದರು. ಸ್ಯಾಂಡ್‌ಮನ್ ಜನರ ನಡುವೆ ನಡೆದುಬರುವಾಗ ಇಡೀ ಸಭಾಂಗಣ ಒಟ್ಟಿಗೆ ಹಾಡುತ್ತಿತ್ತು. ಅದನ್ನು ಕೇಳಬೇಕಾದರೆ ಹೆಚ್ಚಾಗಿ ಅಭಿಮಾನಿಗಳ ನಕಲೇ ಗತಿ. ಟಿವಿಯವರು ಬಾರದ ಊರುಗಳಲ್ಲಿ ಯಾರೋ ತೊಡೆಯ ಮೇಲೆ ಕ್ಯಾಮೆರಾ ಇಟ್ಟು ಹಿಡಿದ ಪಂದ್ಯಗಳಂತೂ ಯಾವ ಉಗ್ರಾಣದಲ್ಲೂ ಇಲ್ಲ.

ಈಗ ನಕಲು ಹಂಚುವ ಅದೇ ಕೆಲಸ ಡಿಸ್ಕಾರ್ಡ್, ಟೆಲಿಗ್ರಾಂ ಗುಂಪುಗಳಲ್ಲಿ ನಡೆಯುತ್ತಿದೆ. ಸರದಿ ಇಲ್ಲ, ಲೆಕ್ಕವೂ ಇಲ್ಲ. ಹಳೆಯ ಕೈಗಳು ಮಾತ್ರ ಫೈಲಿನ ಹೆಸರಿನಲ್ಲೇ ದಿನಾಂಕ, ಊರು, ಆಡಿದವರನ್ನು ಬರೆಯುವ ಪದ್ಧತಿ ಬಿಟ್ಟಿಲ್ಲ.

ಆ ಪದ್ಧತಿ ನೆನಪಾದಾಗಲೆಲ್ಲ ನಮ್ಮ ಮಣ್ಣಿನ ಕುಸ್ತಿ ನೆನೆದು ಕಳವಳವಾಗುತ್ತದೆ. ಮೈಸೂರಿನ ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ದಸರಾ ಕುಸ್ತಿ ನಡೆಯುವಾಗ ಅಖಾಡದ ಸುತ್ತ ನೂರಾರು ಫೋನುಗಳು ಏಳುತ್ತವೆ. ಬೆಳಗಾವಿ ಕಡೆಯ ಜಂಗಿ ಕುಸ್ತಿಗೂ ಹಾಗೆಯೇ. ಆದರೆ ಅವೆಲ್ಲ ಹರಿದಾಡುವುದು ವಾಟ್ಸಾಪಿನಲ್ಲಿ. ಬಹುಕಾಲ ಅಲ್ಲಿ ವಿಡಿಯೊಗೆ 16 ಎಂಬಿ ಮಿತಿಯಿತ್ತು, ಅಂದರೆ ಒಂದೂವರೆಯಿಂದ ಮೂರು ನಿಮಿಷ. ಅರ್ಧ ಗಂಟೆ ಹಿಡಿದಾಡಿ, ಮಣ್ಣು ತೂರಿ, ಕೈ ಜಾರಿ ನಡೆದ ಕುಸ್ತಿಯಲ್ಲಿ ಉಳಿಯುತ್ತಿದ್ದದ್ದು ಚಿತ್ ಆದ ಕೊನೆಯ ಕ್ಷಣ ಮಾತ್ರ. ಇಳಿಸಿಕೊಂಡು ಮತ್ತೆ ಏರಿಸಿದಾಗಲೆಲ್ಲ ಚಿತ್ರ ಮತ್ತಷ್ಟು ಮಸುಕಾಗಬಹುದು, ಥೇಟು ಆ ಹಳೆಯ ಕ್ಯಾಸೆಟ್ಟಿನ ಹಾಗೆ. ಫೈಲಿನ ಹೆಸರಿನಲ್ಲಿರುವುದು ಒಂದು ತಾರೀಖು, ‘ಡಬ್ಲ್ಯುಎ’ ಎಂಬ ಎರಡಕ್ಷರ, ಒಂದು ಕ್ರಮಸಂಖ್ಯೆ. ಆ ತಾರೀಖು ಕೂಡ ನಮ್ಮ ಫೋನಿಗೆ ಬಂದ ದಿನದ್ದು, ಕುಸ್ತಿ ನಡೆದ ದಿನದ್ದಲ್ಲ. ಪೈಲ್ವಾನರ ಹೆಸರಂತೂ ಇಲ್ಲವೇ ಇಲ್ಲ.

ಕಳೆದ ದಸರೆಯ ನಂತರ ಒಂದು ಸಂಜೆ, ನಮ್ಮ ಬೀದಿಯ ಹಿಂದಿನ ಗರಡಿಮನೆಯ ಹಿರಿಯ ಉಸ್ತಾದರಿಗೆ ನನ್ನ ಫೋನಿನಲ್ಲಿದ್ದ ಅಂಥದೊಂದು ತುಣುಕು ತೋರಿಸಿದೆ. ಎಲ್ಲಿಂದ ಬಂತೋ ನೆನಪಿಲ್ಲ, ಮುಖ ಒಂದೂ ಕಾಣುತ್ತಿರಲಿಲ್ಲ. ಕನ್ನಡಕ ಏರಿಸಿ ಎರಡು ಸಲ ನೋಡಿದರು. “ನೋಡಪ್ಪಾ, ಎಡಗಾಲು ಹಿಂದಕ್ಕಿಟ್ಟು ಕೈ ಕೊಡ್ತಾನಲ್ಲ, ಅವನು ನಮ್ಮ ಹುಡುಗ. ಮಳೆ ಬಂದು ಮಣ್ಣು ಮೆತ್ತಗಾಗಿದ್ದ ವರ್ಷ ಅದು” ಎಂದರು. ಇಬ್ಬರ ಹೆಸರು, ಗರಡಿಯ ಹೆಸರು, ವರ್ಷ, ಎಲ್ಲ ಹೇಳಿದರು. ಅಲ್ಲೇ ಜಗಲಿಯ ಮೇಲೆ ಕೂತು ಫೈಲಿನ ಹೆಸರು ಬದಲಿಸಿದೆ. ಆಮೇಲೆ ಅವರು ಮೊಮ್ಮಗನನ್ನು ಕೂಗಿ ತಮ್ಮ ಫೋನೂ ತರಿಸಿದರು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ತುಣುಕುಗಳಿದ್ದವು. ದೀಪ ಹಚ್ಚುವ ಹೊತ್ತಿಗೆ ಹನ್ನೊಂದಕ್ಕೆ ಹೆಸರು ಬರೆದಿದ್ದೆವು.