ಮಾಸ್ಕೊದಲ್ಲೇ ಉಳಿದ ಪಿಯಾನೊ

1989ರಲ್ಲಿ ಮಾಸ್ಕೊ ನಗರದ ಒಂದು ಕುಟುಂಬ ಮನೆ ಖಾಲಿ ಮಾಡಿ ಅಮೆರಿಕಕ್ಕೆ ಹೊರಟಿತು. ಅಪ್ಪ ಫೋಟೊಗ್ರಾಫರ್, ಹವ್ಯಾಸಕ್ಕೆ ಪಿಟೀಲು ನುಡಿಸುತ್ತಿದ್ದವರು. ಅಮ್ಮ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಮಗಳಿಗೆ ಒಂಬತ್ತೂವರೆ ವರ್ಷ. ಮನೆಯಲ್ಲಿದ್ದ ಪಿಯಾನೊವನ್ನು ಮಾತ್ರ ಅವರಿಂದ ಒಯ್ಯಲಾಗಲಿಲ್ಲ. ಅಜ್ಜ ಅಮ್ಮನಿಗೆ ಕೊಡಿಸಿದ್ದ ಪೆಟ್ರೋಫ್ ಕಂಪನಿಯ ಪಿಯಾನೊ ಅದು. ಮಗಳು ಬೆರಳಿಟ್ಟು ಕಲಿತದ್ದೂ ಅದರ ಮೇಲೆಯೇ.

ಆ ಹುಡುಗಿಯ ಹೆಸರು ರೆಜಿನಾ ಸ್ಪೆಕ್ಟರ್. ಮುಂದೆ ನ್ಯೂಯಾರ್ಕ್‌ನಲ್ಲಿ ತನ್ನ ಹಾಡು ತಾನೇ ಕಟ್ಟಿ, ತಾನೇ ಪಿಯಾನೊ ನುಡಿಸಿ, ತಾನೇ ಸಿಡಿ ಮಾಡಿ ಕೈಯಾರೆ ಮಾರಿ ಹೆಸರು ಮಾಡಿದವರು. ಅವರ ಹಾಡುಗಳಲ್ಲಿ ಹೆಚ್ಚಿನವು ಕಥೆಗಳು, ಅದೂ ಬೇರೆಯವರ ಕಥೆಗಳು. ಅಮೆರಿಕದ ಪತ್ರಿಕೆಗಳು ಅವರನ್ನು ವಿಚಿತ್ರ, ವಿಶಿಷ್ಟ ಎಂದೆಲ್ಲ ಬರೆದಿವೆ. ನನಗೇನೋ ಅವರು ವಿಚಿತ್ರ ಅನ್ನಿಸುವುದಿಲ್ಲ. ಆ ಹಾಡುಗಳ ಬೇರು ಎಲ್ಲಿದೆ ಎಂದು ಹುಡುಕಿದರೆ ಅದು ಆ ಪಿಯಾನೊ ಉಳಿದುಹೋದ ಊರಿಗೇ ಹೋಗಿ ಮುಟ್ಟುತ್ತದೆ.

ಮೊದಲು ಪಿಯಾನೊ ಬಗ್ಗೆ ಎರಡು ಮಾತು. ನೋಡಿಲ್ಲದವರು ಭಜನೆ ಮನೆಯ ಹಾರ್ಮೋನಿಯಂ ನೆನಪಿಸಿಕೊಳ್ಳಿ. ಅದೇ ಕಪ್ಪು-ಬಿಳಿ ಮನೆಗಳು, ಆದರೆ ಇದರಲ್ಲಿ 88 ಇರುತ್ತವೆ. ಹಾರ್ಮೋನಿಯಂಗೆ ಗಾಳಿ ಬೇಕು, ಪಿಯಾನೊಗೆ ಬೇಡ. ಒಂದು ಮನೆ ಒತ್ತಿದರೆ ಒಳಗೆ ಉಣ್ಣೆಬಟ್ಟೆ ಸುತ್ತಿದ ಮರದ ಪುಟ್ಟ ಸುತ್ತಿಗೆ ಎದ್ದು ಉಕ್ಕಿನ ತಂತಿಗೆ ಬಡಿಯುತ್ತದೆ. ಇಂಥ ತಂತಿಗಳು 200ಕ್ಕೂ ಹೆಚ್ಚು. ಎಲ್ಲ ತಂತಿಗಳ ಬಿಗಿತ ಒಟ್ಟು ಸೇರಿಸಿದರೆ 15ರಿಂದ 20 ಟನ್ ಎಳೆತ! ಮರ ಅದನ್ನು ತಡೆಯುವುದಿಲ್ಲವಾದ್ದರಿಂದ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇಡುತ್ತಾರೆ. ಗೋಡೆಗೆ ಒತ್ತಿ ನಿಲ್ಲಿಸುವ ಮನೆಬಳಕೆಯ ಪಿಯಾನೊ ಕೂಡ 200 ಕಿಲೊ ಮೀರುವುದು ಈ ಕಾರಣಕ್ಕೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬಾತ ಇದನ್ನು ಮಾಡಿದ. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು, ಹೇಗೆ ಒತ್ತಿದರೂ ಒಂದೇ ಸದ್ದು. ಕ್ರಿಸ್ಟೊಫೊರಿಯ ವಾದ್ಯದಲ್ಲಿ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗಟ್ಟಿಯಾಗಿ ಒತ್ತಿದರೆ ಗಟ್ಟಿ. ಇಟಲಿಯ ಭಾಷೆಯಲ್ಲಿ ಪಿಯಾನೊ ಎಂದರೆ ಮೆಲ್ಲಗೆ ಎಂದೇ ಅರ್ಥ.

ಇಂಥ ವಾದ್ಯವನ್ನು, ಅದೂ ಮಗಳು ಮನಸ್ಸಿಟ್ಟು ಕಲಿಯುತ್ತಿರುವಾಗ, ಬಿಟ್ಟು ಹೊರಡುವ ಗತಿ ಯಾಕೆ ಬಂತು? ಸ್ಪೆಕ್ಟರ್ ಕುಟುಂಬ ಯಹೂದಿಗಳದ್ದು. ಸೋವಿಯತ್ ದೇಶದಲ್ಲಿ ಪ್ರತಿಯೊಬ್ಬರ ಗುರುತಿನ ಪುಸ್ತಕದಲ್ಲಿ ‘ಜನಾಂಗ’ ಎಂಬ ಸಾಲು ಇರುತ್ತಿತ್ತು. ಅಲ್ಲಿ ‘ಯಹೂದಿ’ ಎಂದು ಬರೆದಿದ್ದರೆ ಕೆಲವು ಕಾಲೇಜು, ಕೆಲವು ಕೆಲಸಗಳ ಬಾಗಿಲು ತಾನಾಗಿ ಮುಚ್ಚುತ್ತಿತ್ತು. ದೇಶ ಬಿಡುತ್ತೇವೆಂದು ಅರ್ಜಿ ಹಾಕಿದವರನ್ನು ವರ್ಷಗಟ್ಟಲೆ ಸತಾಯಿಸಿದ್ದೂ ಉಂಟು. 1980ರ ದಶಕದ ಕೊನೆಯಲ್ಲಿ, ಗೊರ್ಬಚೆವ್ ಕಾಲದಲ್ಲಿ, ಆ ಗೇಟು ತೆರೆಯಿತು. ಮಗಳ ಪಿಯಾನೊ ಪಾಠ ನಿಂತುಹೋಗುತ್ತದಲ್ಲ ಎಂದು ಅಪ್ಪ ಅಮ್ಮ ಹಿಂದೆ ಮುಂದೆ ನೋಡಿದರಂತೆ. ಕೊನೆಗೆ ಹೊರಟರು. ಆಸ್ಟ್ರಿಯ, ಅಲ್ಲಿಂದ ಇಟಲಿ, ಅಲ್ಲಿಂದ ನಿರಾಶ್ರಿತರಾಗಿ ನ್ಯೂಯಾರ್ಕ್‌ನ ಬ್ರಾಂಕ್ಸ್.

ಪಿಯಾನೊ ಹೋಯಿತು ಸರಿ. ಜೊತೆಗೆ ಬಂದದ್ದೇನು ಎಂಬುದು ನನಗೆ ಹೆಚ್ಚು ಕುತೂಹಲದ ಸಂಗತಿ. ತೂಕವಿಲ್ಲದ ಒಂದು ವಸ್ತು ಬಂದಿತ್ತು. ಅದೇ ಹಾಡು.

ಸೋವಿಯತ್ ಕಾಲದಲ್ಲಿ ರೆಕಾರ್ಡ್ ಹೊರತರುವುದು ಸರ್ಕಾರದ ಕೆಲಸ. 1964ರಿಂದ ಅದಕ್ಕೆ ‘ಮೆಲೋದಿಯಾ’ ಎಂಬ ಸರ್ಕಾರಿ ಕಂಪನಿಯೇ ಇತ್ತು. ಸರ್ಕಾರಕ್ಕೆ ಒಪ್ಪಿಗೆಯಾಗದ್ದು ಅಂಗಡಿಗೆ ಬರುತ್ತಿರಲಿಲ್ಲ. ಆದರೆ ಜನ ಸುಮ್ಮನಿರಲಿಲ್ಲ. ಆಸ್ಪತ್ರೆಯವರು ಬಿಸಾಡಿದ ಎಕ್ಸ್-ರೇ ಹಾಳೆಯನ್ನು ದುಂಡಗೆ ಕತ್ತರಿಸಿ, ಅದರ ಮೇಲೆ ಗೀರು ಕೊರೆದು, ಕದ್ದು ಮಾರುತ್ತಿದ್ದರು. ಯಾರದೋ ಪಕ್ಕೆಲುಬಿನ ಚಿತ್ರದ ಮೇಲೆ ಅಮೆರಿಕದ ಜಾಜ್ ಹಾಡು ತಿರುಗುತ್ತಿತ್ತು! ಆಮೇಲೆ ಟೇಪ್ ರೆಕಾರ್ಡರ್ ಬಂತು. ಒಬ್ಬರ ಮನೆಯಲ್ಲಿ ಹಾಡಿದ್ದನ್ನು ಟೇಪ್ ಮಾಡಿ, ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಬುಲಾತ್ ಒಕುಜಾವ, ವ್ಲಾದಿಮಿರ್ ವಿಸೋತ್ಸ್ಕಿ ಅವರ ಹಾಡು ದೇಶದ ಮೂಲೆಮೂಲೆಗೆ ಹರಡಿದ್ದು ಹೀಗೆ, ಕೈಯಿಂದ ಕೈಗೆ.

ವಿಸೋತ್ಸ್ಕಿ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಆತ ಹುಟ್ಟಿದ್ದು 1938ರಲ್ಲಿ. ಯುದ್ಧ ನಡೆಯುವಾಗ ಇನ್ನೂ ಹುಡುಗ. ಆದರೂ ‘ನಾನು’ ಎಂದು ಸೈನಿಕನಾಗಿ ಹಾಡುತ್ತಿದ್ದ. ಇನ್ನೊಂದು ಹಾಡಿನಲ್ಲಿ ಕೈದಿ, ಮತ್ತೊಂದರಲ್ಲಿ ಬೆಟ್ಟ ಹತ್ತುವವ. ಒಂದರಲ್ಲಂತೂ ಯುದ್ಧವಿಮಾನವೇ ಮಾತಾಡುತ್ತದೆ, ತನ್ನನ್ನು ಓಡಿಸುವ ಪೈಲಟ್ ಮೇಲೆ ಸಿಟ್ಟು ಮಾಡಿಕೊಂಡು. ಕೇಳಿದವರು ಇವನು ನಮ್ಮ ಜೊತೆ ಯುದ್ಧದಲ್ಲಿದ್ದವನೇ ಇರಬೇಕು ಎಂದುಕೊಳ್ಳುತ್ತಿದ್ದರಂತೆ. 1980ರ ಜುಲೈನಲ್ಲಿ, ಮಾಸ್ಕೊದಲ್ಲಿ ಒಲಿಂಪಿಕ್ಸ್ ನಡೆಯುತ್ತಿದ್ದಾಗಲೇ ಆತ ತೀರಿಹೋದ. ಅಂತ್ಯಕ್ರಿಯೆಗೆ ಬೀದಿ ತುಂಬ ಜನ. ರೆಜಿನಾ ಹುಟ್ಟಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ, ಅದೇ ಊರಲ್ಲಿ. ರೆಜಿನಾ ಅವರ ಅಪ್ಪ ಕೂಡ ಗೆಳೆಯರ ಜೊತೆ ಕ್ಯಾಸೆಟ್ ಅದಲುಬದಲು ಮಾಡಿಕೊಳ್ಳುತ್ತಿದ್ದವರೇ. ಬೀಟಲ್ಸ್, ಕ್ವೀನ್ ಎಲ್ಲ ಆ ಮನೆಗೆ ಬಂದದ್ದು ಆ ದಾರಿಯಲ್ಲಿ.

ಈಗ ಬ್ರಾಂಕ್ಸ್‌ಗೆ ಬರೋಣ. ಹೊಸ ದೇಶ, ಹೊಸ ಭಾಷೆ, ಪಿಯಾನೊ ಕೊಳ್ಳಲು ಕಾಸಿಲ್ಲ. ಯಹೂದಿಗಳ ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ ಹುಡುಗಿಗೆ ಒಂದು ಪಿಯಾನೊ ಸಿಕ್ಕಿತು. ಅದು ಸಿಗದ ಹೊತ್ತಿನಲ್ಲಿ ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಗಟ್ಟಿಯಾಗಿರುವ ಯಾವುದರ ಮೇಲಾದರೂ ಬೆರಳಾಡಿಸಿ ಅಭ್ಯಾಸ. ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಪ್ರಾಧ್ಯಾಪಕಿಯಾಗಿದ್ದ ಸೋನಿಯಾ ವರ್ಗಾಸ್ ಅವರ ಗಂಡನ ಪರಿಚಯ ರೆಜಿನಾ ಅವರ ಅಪ್ಪನಿಗೆ ಆಯಿತು. ಅವರ ಮೂಲಕ ವರ್ಗಾಸ್ ಬಳಿ ಪಾಠ ಶುರುವಾಯಿತು. ಹದಿನೇಳು ವರ್ಷ ತುಂಬುವವರೆಗೂ ನಡೆಯಿತು. ಫೀಸು ತೆಗೆದುಕೊಳ್ಳಲಿಲ್ಲ. ಹಾಡುಗಾರರ ಬಗ್ಗೆ ನೂರು ಲೇಖನ ಬರುತ್ತವೆ, ಇಂಥ ಮೇಷ್ಟ್ರುಗಳ ಬಗ್ಗೆ ಅದರಲ್ಲಿ ಒಂದೇ ಸಾಲು. ನಾನೂ ಈಗ ಅದನ್ನೇ ಮಾಡಿದೆ.

ಹದಿನಾರರ ಆಸುಪಾಸಿನಲ್ಲಿ ರೆಜಿನಾ ಇಸ್ರೇಲ್ ಪ್ರವಾಸಕ್ಕೆ ಹೋದರು. ಬೆಟ್ಟದ ದಾರಿಯಲ್ಲಿ ನಡೆಯುವಾಗ ಸುಮ್ಮನೆ ಹಾಡು ಕಟ್ಟಿಕೊಂಡು ಹಾಡುತ್ತಿದ್ದರು. ಜೊತೆಯವರು ಇನ್ನೊಂದು ಹಾಡು, ಇನ್ನೊಂದು ಹಾಡು ಎಂದರಂತೆ. ಮೊದಲ ಹಾಡುಗಳಿಗೆ ಪಿಯಾನೊ ಇರಲಿಲ್ಲ, ಬರೀ ಬಾಯಿ. ಪಿಯಾನೊ ಜೊತೆಗೆ ಕಟ್ಟಲು ಶುರು ಮಾಡಿದ್ದು ಹದಿನೆಂಟು ಹತ್ತಿರವಾದಾಗ. ಆಮೇಲೆ ನ್ಯೂಯಾರ್ಕ್ ರಾಜ್ಯದ ಪರ್ಚೇಸ್ ಕಾಲೇಜಿನಲ್ಲಿ ಸಂಗೀತ ರಚನೆ ಓದಿ 2001ರಲ್ಲಿ ಮುಗಿಸಿದರು. (ನಡುವೆ ವಿಸ್ಕಾನ್ಸಿನ್ ಕಡೆ ಚಿಟ್ಟೆ ಸಾಕುವ ಫಾರ್ಮ್ ಒಂದರಲ್ಲಿ ಸ್ವಲ್ಪ ದಿನ ಕೆಲಸ ಮಾಡಿದ್ದೂ ಇದೆ.)

ಅದೇ ವರ್ಷ ಮೊದಲ ಸಿಡಿ ‘11:11’. ಕಂಪನಿ ಇಲ್ಲ, ಜಾಹೀರಾತು ಇಲ್ಲ. ಈಸ್ಟ್ ವಿಲೇಜ್ ಬೀದಿಗಳ ಸಣ್ಣ ಕೆಫೆಗಳಲ್ಲಿ ಹಾಡುವುದು, ಹಾಡು ಮುಗಿದ ಮೇಲೆ ಸಿಡಿ ಮಾರುವುದು. 2001ರ ಕ್ರಿಸ್‌ಮಸ್ ದಿನ ಸ್ಟುಡಿಯೊದಲ್ಲಿ ಕೂತು ಎರಡನೆಯ ಸಿಡಿಯ ಹಾಡುಗಳನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿದರು, ಒಂದೊಂದನ್ನೂ ಒಂದೇ ಸಲಕ್ಕೆ ಹಾಡಿ. ಹೆಸರು ಬರೀ ‘ಸಾಂಗ್ಸ್’. ಮೂರನೆಯದು ‘ಸೋವಿಯತ್ ಕಿಚ್’. ಮಾಸ್ಕೊದ ಟೇಪುಗಳ ಹಾಗೆ ಇವೂ ಹರಡಿದ್ದು ಕೈಯಿಂದ ಕೈಗೆ. ಅಲ್ಲಿ ಸರ್ಕಾರದ ಅಡ್ಡಿ, ಇಲ್ಲಿ ಕಾಸಿನ ಅಡ್ಡಿ. ಎರಡೂ ಒಂದೇ ಎನ್ನಲಾರೆ, ಇಲ್ಲಿ ಯಾರೂ ಜೈಲಿಗೆ ಹೋಗುತ್ತಿರಲಿಲ್ಲ.

‘ಸಾಂಗ್ಸ್’ನಲ್ಲಿ ‘ಸ್ಯಾಮ್ಸನ್’ ಎಂಬ ಹಾಡಿದೆ. ಬೈಬಲ್ಲಿನ ಸ್ಯಾಮ್ಸನ್ ಕೂದಲಲ್ಲೇ ಬಲ ಇಟ್ಟುಕೊಂಡಿದ್ದ ವೀರ, ಮೋಸದಿಂದ ಕೂದಲು ಕತ್ತರಿಸಿಕೊಂಡು ಸೋತವನು. ರೆಜಿನಾ ಹಾಡಿನಲ್ಲಿ ಕೂದಲು ಕತ್ತರಿಸುವವಳು ಅವನನ್ನು ಪ್ರೀತಿಸುವ ಹೆಂಗಸು. ಯುದ್ಧವಿಲ್ಲ, ಮೋಸವಿಲ್ಲ, ಒಂದು ರಾತ್ರಿ ಮನೆಯೊಳಗೆ ಇಬ್ಬರು ಮನುಷ್ಯರು, ಅಷ್ಟೆ. ರಾಮಾಯಣವನ್ನು ಊರ್ಮಿಳೆ ಕೂತು ಹೇಳಿದ ಹಾಗೆ.

‘ಕೀಮೊ ಲಿಮೊ’ ಇನ್ನೂ ಗಟ್ಟಿ ಕಥೆ. ನಾಲ್ಕು ಮಕ್ಕಳ ತಾಯಿಗೆ ಕ್ಯಾನ್ಸರ್. ಕೀಮೊಥೆರಪಿಗೆ ದುಡ್ಡು ಸಾಲದು. ನೂರು ಡಾಲರ್ ನೋಟಿನ ಮೇಲಿರುವ ಬೆಂಜಮಿನ್ ಫ್ರಾಂಕ್ಲಿನ್ ಅವಳ ಕನಸಿಗೆ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಅವಳೋ, ಈ ದುಡ್ಡನ್ನು ಆಸ್ಪತ್ರೆಗೆ ಸುರಿಯುವ ಬದಲು ಉದ್ದನೆಯ ಲಿಮೊಸಿನ್ ಕಾರು ಬಾಡಿಗೆಗೆ ಹಿಡಿದು ಮಕ್ಕಳನ್ನೆಲ್ಲ ಕೂರಿಸಿಕೊಂಡು ಸುತ್ತಾಡುತ್ತೇನೆ ಎಂದು ತೀರ್ಮಾನಿಸುತ್ತಾಳೆ. ಹಾಡು ಒಮ್ಮೆ ನಗುತ್ತದೆ, ಒಮ್ಮೆ ಕುಣಿಯುತ್ತದೆ, ಮರುಕ್ಷಣ ಪಿಯಾನೊ ಮೆತ್ತಗಾಗಿಬಿಡುತ್ತದೆ. ಆಗ ರೆಜಿನಾಗೆ ಇಪ್ಪತ್ತಮೂರರ ಆಸುಪಾಸು, ಮಕ್ಕಳಿರಲಿಲ್ಲ. ವಿಸೋತ್ಸ್ಕಿ ಸೈನಿಕನಾದ ಹಾಗೆ ಈಕೆ ಆ ತಾಯಿಯಾದರು. ಆಸ್ಪತ್ರೆ ಬಿಲ್ಲಿಗೆ ಹೊಲ ಮಾರಿದ ಮನೆ ನಮ್ಮೆಲ್ಲರ ಊರಲ್ಲೂ ಇರುವುದರಿಂದ ಇದು ಬೇರೆ ದೇಶದ ಕಥೆ ಎಂದು ನನಗೆ ಅನ್ನಿಸಲೇ ಇಲ್ಲ.

‘ಪೂರ್ ಲಿಟಲ್ ರಿಚ್ ಬಾಯ್’ ಹಾಡನ್ನಂತೂ ಕೇಳುವುದಕ್ಕಿಂತ ವಿಡಿಯೊದಲ್ಲಿ ನೋಡಬೇಕು. ಒಂದು ಕೈ ಪಿಯಾನೊ ಮೇಲೆ. ಇನ್ನೊಂದು ಕೈಯಲ್ಲಿ ಡ್ರಮ್ ಬಾರಿಸುವ ಕೋಲು, ಅದರಿಂದ ಪಕ್ಕದ ಮರದ ಕುರ್ಚಿಗೆ ಏಟು. ಮೇಜಿನ ಮೇಲೆ ಪಿಯಾನೊ ಕಲಿತವರಿಗೆ ಕುರ್ಚಿಯೂ ವಾದ್ಯವಾಗುವುದರಲ್ಲಿ ಏನು ಆಶ್ಚರ್ಯ!

ಮುಂದಿನದು ಬೇಗ ಹೇಳಿಬಿಡುತ್ತೇನೆ. ‘ದಿ ಸ್ಟ್ರೋಕ್ಸ್’ ಎಂಬ ರಾಕ್ ತಂಡದ ಜೊತೆ ಊರೂರು ಸುತ್ತಿದರು. 2004ರಲ್ಲಿ ‘ಸೈರ್’ ಎಂಬ ದೊಡ್ಡ ಕಂಪನಿ ‘ಸೋವಿಯತ್ ಕಿಚ್’ ಹೊರತಂದಿತು. 2006ರ ‘ಬಿಗಿನ್ ಟು ಹೋಪ್’ ಅಮೆರಿಕದಲ್ಲಿ ಐದು ಲಕ್ಷ ದಾಟಿತು. ಅದರಲ್ಲಿ ಒಂದು ಹಾಡಿನ ನಡುವೆ ಬೋರಿಸ್ ಪಾಸ್ತರ್ನಾಕ್ ಕವಿತೆಯ ಸಾಲುಗಳು ರಷ್ಯನ್‌ನಲ್ಲೇ ಬರುತ್ತವೆ. ‘ಸ್ಯಾಮ್ಸನ್’ ಅನ್ನು ಅದೇ ಸಿಡಿಗಾಗಿ ಮತ್ತೆ ಹಾಡಿದರು, ನಿಧಾನವಾಗಿ, ನುಣುಪಾಗಿ. ನನಗೆ ಹಳೆಯದೇ ಇಷ್ಟ, ಕ್ರಿಸ್‌ಮಸ್ ದಿನದ್ದು. ಸ್ವಲ್ಪ ಅವಸರ ಇದ್ದರೂ ಅದರಲ್ಲಿ ಎದುರು ಕೂತು ಹೇಳಿದಂತಿದೆ.

2012ರಲ್ಲಿ ರೆಜಿನಾ ಮಾಸ್ಕೊಗೆ ಹೋಗಿ ಹಾಡಿದರು. ಬಿಟ್ಟು ಬಂದ 23 ವರ್ಷಕ್ಕೆ ಅದೇ ಮೊದಲ ಸಲ. ಅದೇ ವರ್ಷ ಬಂದ ಸಿಡಿಯ ದೊಡ್ಡ ಆವೃತ್ತಿಯಲ್ಲಿ ಒಕುಜಾವ ಅವರ ‘ಪ್ರಾರ್ಥನೆ’ ಹಾಡು ಇದೆ, ರಷ್ಯನ್‌ನಲ್ಲಿ. ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ. ರಾತ್ರಿ ಊಟ ಮುಗಿಸಿ, ಇಯರ್‌ಫೋನ್ ಹಾಕಿಕೊಂಡು, ಮೊದಲು 2002ರ ‘ಸ್ಯಾಮ್ಸನ್’ ಕೇಳಿ, ಆಮೇಲೆ ಇದನ್ನು ಕೇಳಿ.