ರೇವಡಿಯಿಂದ ಗದೆಯವರೆಗೆ: ಮಿರಜ ಸೀಮೆಯ ಕುಸ್ತಿ ಮೈದಾನದಲ್ಲಿ ಜೋಡ ಹಚ್ಚುವ ಪದ್ಧತಿ

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೇನೆ. ಗಡಿಭಾಗದ ಯುವಕರನ್ನು ಬೆಳೆಸುವುದರಲ್ಲಿ ಸ್ಪರ್ಧೆಗಳ ಪಾತ್ರವೇನು ಎಂಬುದು ಇಂದಿನ ಗೋಷ್ಠಿಯ ವಿಷಯ. ನನಗಿಂತ ಮೊದಲು ಮಾತನಾಡಿದವರು ಸರಕಾರದ ಕ್ರೀಡಾಕೂಟ, ಯುವಜನ ಮೇಳ, ಎನ್ಎಸ್ಎಸ್ ಬಗ್ಗೆ ಹೇಳಿದರು. ನಾನು ಅವೆಲ್ಲ ಬರುವ ಮೊದಲೇ ಇದ್ದ ಒಂದು ವ್ಯವಸ್ಥೆಯನ್ನು ತೆಗೆದುಕೊಳ್ಳುತ್ತೇನೆ: ಜಾತ್ರೆಯ ಕುಸ್ತಿ ಮೈದಾನ. ಅದರಲ್ಲೂ ಒಂದೇ ಕೆಲಸದ ಮೇಲೆ ನನ್ನ ಲಕ್ಷ್ಯ, ಅದು ಜೋಡ ಹಚ್ಚುವುದು. ಯಾವ ಹುಡುಗನನ್ನು ಯಾವ ಹುಡುಗನ ಎದುರು ನಿಲ್ಲಿಸಬೇಕು ಎಂದು ಯಾರು, ಹೇಗೆ ತೀರ್ಮಾನಿಸುತ್ತಿದ್ದರು? ಸ್ಪರ್ಧೆ ಒಬ್ಬನನ್ನು ಬೆಳೆಸುತ್ತದೋ ಮುರಿಯುತ್ತದೋ ಎಂಬುದು ಬಹುಮಟ್ಟಿಗೆ ಅಲ್ಲೇ ನಿಶ್ಚಯವಾಗುತ್ತದೆ ಎಂದು ನನ್ನ ಅಭಿಪ್ರಾಯ.

ನಾನು ನೋಡುತ್ತಿರುವ ಸೀಮೆ ಮ್ಹೈಸಾಳದ ಸುತ್ತಲಿನದು. ಮಿರಜ ತಾಲೂಕಿನ ಊರು, ಕೃಷ್ಣೆಯ ದಂಡೆ. ಹೊಳೆ ದಾಟಿದರೆ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕು, ರಸ್ತೆ ಹಿಡಿದು ಮುಂದೆ ಹೋದರೆ ಕಾಗವಾಡ, ಅಂದರೆ ಕರ್ನಾಟಕ. ಪತ್ರಿಕೆಗಳಲ್ಲಿ ಈ ಹೆಸರು ಬರುವುದು ಏತ ನೀರಾವರಿ ಯೋಜನೆಯ ಸಲುವಾಗಿ. ಆದರೆ ಈ ಭಾಗದ ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ಓಡಾಡುತ್ತವೆ. ಕುಸ್ತಿಯ ಮಾತಂತೂ ಪೂರ್ತಿ ಮಿಶ್ರ. ತಾಲೀಮು, ವಸ್ತಾದ, ಖುರಾಕು, ಲಂಗೋಟ, ಪಟ್ಟು, ಚಿತ್ತು... ಯಾವುದು ಯಾವ ಭಾಷೆಯದೆಂದು ಪೈಲ್ವಾನರು ಕೇಳುವುದಿಲ್ಲ, ನಾವೂ ಕೇಳುವುದು ಬೇಡ.

ಮೈದಾನ ನಡೆಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜಾತ್ರೆಗೆ ಮುಂಚೆ ಊರ ಹಿರಿಯರು ಕೂಡಿ ಮನೆಮನೆಗೆ ಪಟ್ಟಿ ಹಾಕುತ್ತಾರೆ. ಕೂಡಿದ ಹಣ ನೋಡಿ ದೊಡ್ಡ ಕುಸ್ತಿಗಳನ್ನು ಮೊದಲೇ ನಿಶ್ಚಯಿಸುತ್ತಾರೆ. ಒಂದನೇ ನಂಬರು, ಎರಡನೇ ನಂಬರು ಎಂದು ಹಸ್ತಪತ್ರಿಕೆಯಲ್ಲಿ ಪೈಲ್ವಾನರ ಚಿತ್ರ ಹಾಕಿ ಹಂಚುತ್ತಾರೆ. ಕಣದ ಕೆಂಪು ಮಣ್ಣನ್ನು ಅಗೆದು ಹದ ಮಾಡಿ, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆರಸ ಬೆರೆಸುತ್ತಾರೆ. ಮಣ್ಣು ಮೆತ್ತಗಿರಬೇಕು, ಗಾಯವಾದರೆ ಕೀವು ಹಿಡಿಯಬಾರದು. ಮಧ್ಯಾಹ್ನ ಹಲಗೆ ಬಡಿಯಲು ಶುರುವಾದಾಗ ಕಣಕ್ಕೆ ಇಳಿಯುವವರು ಆ ಚಿತ್ರದ ಪೈಲ್ವಾನರಲ್ಲ, ಎಂಟು ಹತ್ತು ವರ್ಷದ ಹುಡುಗರು. ಇವರದು ರೇವಡಿ ಕುಸ್ತಿ. ಗೆದ್ದವನ ಕೈಗೆ ಎಳ್ಳು ಬೆಲ್ಲದ ರೇವಡಿ. ಆಮೇಲೆ ತೆಂಗಿನಕಾಯಿಯ ಕುಸ್ತಿ, ಆಮೇಲೆ ಕೆಲವೇ ರೂಪಾಯಿಗಳದು, ಹಾಗೇ ಏರುತ್ತಾ ಹೊತ್ತು ಮುಳುಗುವ ಹೊತ್ತಿಗೆ ಪಟಕಾ, ಬೆಳ್ಳಿ ಕಡಗ, ಗದೆ.

ಈ ಸಣ್ಣ ಕುಸ್ತಿಗಳ ಜೋಡ ಮೊದಲೇ ಬರೆದಿಟ್ಟದ್ದಲ್ಲ. ಹುಡುಗ ಲಂಗೋಟ ಕಟ್ಟಿ ಕಣದ ಸುತ್ತ ತಿರುಗುತ್ತಾನೆ, ತನಗೆ ಜೋಡ ಬೇಕು ಅಂತ. ಪಂಚರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಎತ್ತರ, ತೋಳು, ಕತ್ತು ನೋಡುತ್ತಾರೆ. ವಸ್ತಾದರನ್ನು ಕರೆದು ತಾಲೀಮಿಗೆ ಬಂದು ಎಷ್ಟು ದಿನವಾಯಿತು ಎಂದು ಕೇಳುತ್ತಾರೆ. ತಕ್ಕಡಿ ಇಲ್ಲ, ಜನ್ಮದಾಖಲೆ ಇಲ್ಲ. ಸಮ ಅನಿಸಿದರೆ ಕೈ ಕೂಡಿಸುತ್ತಾರೆ, ಇಲ್ಲವಾದರೆ ಬೇರೆ ಜೋಡ ಹುಡುಕುತ್ತಾರೆ. ಸೋತವನು ಮನೆಗೆ ಹೋಗಬೇಕಾಗಿಲ್ಲ, ಮುಂದಿನ ವಾರ ಮತ್ತೊಂದು ಊರಿನ ಜಾತ್ರೆ ಇದ್ದೇ ಇದೆ, ಅಲ್ಲಿ ಅವನಿಗೆ ಮತ್ತೊಬ್ಬ ಜೋಡ. ಸೋತೊಡನೆ ಹೊರಗೆ ಹಾಕುವ ಇಂದಿನ ನಾಕೌಟ್ ಪದ್ಧತಿಯಲ್ಲಿ ಅರ್ಧ ಜನ ಮೊದಲ ಸುತ್ತಿನಲ್ಲೇ ಪ್ರೇಕ್ಷಕರಾಗುತ್ತಾರೆ. ಯುವಕರ ಕಾರ್ಯಕ್ರಮ ರೂಪಿಸುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಕುಸ್ತಿ ಎಂದರೆ ರಾಜರ ಮೋಜು ಎಂದು ಬರೆಯುವವರಿದ್ದಾರೆ. ಅರ್ಧ ಸತ್ಯ. ಕೊಲ್ಲಾಪುರದ ಶಾಹೂ ಮಹಾರಾಜರು (ಆಳ್ವಿಕೆ 1894ರಿಂದ 1922) ತಾಲೀಮುಗಳಿಗೆ ಆಶ್ರಯ ಕೊಟ್ಟರು, ಪಂಜಾಬಿನಿಂದ ಪೈಲ್ವಾನರನ್ನು ಕರೆಸಿದರು, 1912ರಲ್ಲಿ ಖಾಸಬಾಗ ಮೈದಾನ ತೆರೆದರು. ಆದರೆ ಅಲ್ಲಿ ಇಳಿಯುವವನನ್ನು ತಯಾರು ಮಾಡಿದ್ದು ಹಳ್ಳಿಯ ರೇವಡಿ. ಪಟವರ್ಧನರ ಸಂಸ್ಥಾನಗಳ ಭೂಗೋಳವನ್ನೂ ಇಲ್ಲಿ ನೆನೆಯಬೇಕು. ಸಾಂಗಲಿ ಸಂಸ್ಥಾನದಲ್ಲಿ ತೇರದಾಳ, ಶಿರಹಟ್ಟಿ ಇದ್ದವು, ಹಿರಿಯ ಮಿರಜ ಸಂಸ್ಥಾನದಲ್ಲಿ ಲಕ್ಷ್ಮೇಶ್ವರ. ಅಂದರೆ ಒಂದೇ ದರಬಾರಿನ ಕೆಳಗೆ ಕನ್ನಡ, ಮರಾಠಿ ಊರುಗಳು ಸೇರಿಕೊಂಡಿದ್ದವು. ಪೈಲ್ವಾನನಿಗೆ ದಾರಿ ತೆರೆದಿತ್ತು.

ಹಾಗಂತ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಕಣ್ಣಳತೆಯಲ್ಲಿ ಪಕ್ಷಪಾತ ನುಸುಳುತ್ತಿತ್ತು. ಮೊದಲೇ ಮಾತಾಡಿಕೊಂಡು ಆಡುವ ನೂರಾ ಕುಸ್ತಿ ಎಂಬ ಮಾತೇ ಹುಟ್ಟಿಕೊಂಡಿದೆ ನೋಡ್ರಿ. ಎಲ್ಲಕ್ಕಿಂತ ಮುಖ್ಯವಾಗಿ, ಸಣ್ಣ ದೇಹದವನಿಗೆ ಏಣಿ ನಡುವೆಯೇ ಮುಗಿಯುತ್ತಿತ್ತು. ಎಷ್ಟೇ ಚುರುಕಾಗಿದ್ದರೂ ಒಂದನೇ ನಂಬರಿನ ಕುಸ್ತಿ ಭಾರಿ ಆಳಿಗೇ. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರ ಉದಾಹರಣೆ ಇದಕ್ಕೆ ಸಾಕು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರು 52 ಕಿಲೋ ವರ್ಗದಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಾಗ ಊರವರು ಪಟ್ಟಿ ಹಾಕಿದರು, ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ಮನೆ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಹೊಂದಿಸಿಕೊಟ್ಟರು. 57 ಕಿಲೋ ವರ್ಗದಲ್ಲಿ ಕಂಚು ಬಂತು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಆ 57 ಎಂಬ ಅಂಕಿ ಇಲ್ಲದಿದ್ದರೆ, ಬರೀ ಮಣ್ಣಿನ ಮೈದಾನದಲ್ಲಿ, ಅವರ ಹೆಸರು ಇಷ್ಟು ದೂರ ಹೋಗುತ್ತಿತ್ತೇ? ತಕ್ಕಡಿ ಮಾಡಿದ ನ್ಯಾಯ ಅದು. ದೊಡ್ಡ ದೇಹದವರೂ ಚಾಪೆಯ ನಿಯಮ ಕಲಿತು ಗೆದ್ದರು. ನಮ್ಮ ಸಾಂಗಲಿ ಜಿಲ್ಲೆಯ ಕವಠೆ ಪಿರಾಣದ ಮಾರುತಿ ಮಾನೆ, ಪುಣವತದ ಗಣಪತರಾವ ಆಂದಳಕರ ಇಬ್ಬರೂ 1962ರ ಜಕಾರ್ತಾ ಏಷ್ಯನ್ ಕ್ರೀಡೆಯಲ್ಲಿ ತಲಾ ಒಂದು ಚಿನ್ನ, ಒಂದು ಬೆಳ್ಳಿ ತಂದರು.

ಈಗ ಗಡಿಯ ವಿಷಯ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯಾಯಿತು, 1960ರಲ್ಲಿ ಅದಕ್ಕೆ ಸಾಂಗಲಿ ಎಂದು ಹೆಸರು. ನಡುವೆ 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಚಿಕ್ಕೋಡಿ ತಾಲೂಕಿನ ಎಕ್ಸಂಬೆಯ ಶ್ರೀಪತಿ ಖಂಚನಾಳೆಯವರು ಕೊಲ್ಲಾಪುರದ ತಾಲೀಮಿನಲ್ಲಿ ಬೆಳೆದು 1959ರಲ್ಲಿ ಹಿಂದ್ ಕೇಸರಿಯಾದಾಗ ಅವರ ಹುಟ್ಟೂರು ಒಂದು ರಾಜ್ಯದಲ್ಲಿತ್ತು, ತಾಲೀಮು ಇನ್ನೊಂದರಲ್ಲಿ. ಎರಡೂ ಕಡೆಯವರು ಅವರನ್ನು ನಮ್ಮವರು ಎನ್ನುತ್ತಾರೆ, ಎರಡೂ ನಿಜ. 1961ರಿಂದ ಮಹಾರಾಷ್ಟ್ರ ಕೇಸರಿ ಶುರುವಾಯಿತು, ಕರ್ನಾಟಕದಲ್ಲಿ ಕರ್ನಾಟಕ ಕೇಸರಿ. ಈ ಬಿರುದುಗಳಿಗೆ ಜಿಲ್ಲೆಯ ಆಯ್ಕೆ ಬೇಕು, ರಾಜ್ಯದ ಗುರುತು ಬೇಕು. ಮ್ಹೈಸಾಳದ ಕನ್ನಡದ ಹುಡುಗ ಒಂದು ಕಡೆ, ಕಾಗವಾಡದ ಹುಡುಗ ಮತ್ತೊಂದು ಕಡೆ. ಇಬ್ಬರೂ ಒಂದೇ ವಸ್ತಾದನ ಕೈಕೆಳಗೆ ಬೆವರು ಸುರಿಸಿದವರಾದರೂ ಬಿರುದಿನ ಕಣದಲ್ಲಿ ಎದುರಾಗುವಂತಿಲ್ಲ.

ಜಾತ್ರೆಯ ಮೈದಾನಕ್ಕೆ ಮಾತ್ರ ಈ ಗೆರೆ ತಾಗಲಿಲ್ಲ. ಅಲ್ಲಿ ಕೇಳುವುದು ಯಾವ ತಾಲೀಮು, ಯಾರ ಶಿಷ್ಯ ಅಷ್ಟೆ. ಗಡಿವಾದದ ಗಲಾಟೆಗೆ ಬಸ್ಸು ನಿಂತ ದಿನಗಳನ್ನು ಈ ಸೀಮೆಯವರು ಕಂಡಿದ್ದಾರೆ. ಆದರೂ ಆಚೆಯವರು ಈಚೆ, ಈಚೆಯವರು ಆಚೆ ಬಂದು ಕುಸ್ತಿ ಹಿಡಿಯುವುದು ನಿಂತಿಲ್ಲ. ಸೌಹಾರ್ದ ಎಂಬ ದೊಡ್ಡ ಶಬ್ದವನ್ನು ನಾನಿಲ್ಲಿ ಬಳಸುವುದಿಲ್ಲ. ಒಳ್ಳೆಯ ಜೋಡ ಸಿಗಬೇಕಾದರೆ ಹತ್ತಾರು ಊರು ಬೇಕು, ಅಷ್ಟೇ ಅದರ ಕಾರಣ.

ಹೆಣ್ಣುಮಕ್ಕಳ ಬಗ್ಗೆ ಒಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಹಳೆಯ ಮೈದಾನದಲ್ಲಿ ಅವರಿಗೆ ಜಾಗವಿರಲಿಲ್ಲ, ತಾಲೀಮಿನ ಹೊಸ್ತಿಲನ್ನೂ ದಾಟಿಸುತ್ತಿರಲಿಲ್ಲ. 2023ರ ಮಾರ್ಚಿನಲ್ಲಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ನಡೆದದ್ದು ಸಾಂಗಲಿಯಲ್ಲೇ, ಗೆದ್ದವರು ಸಾಂಗಲಿಯ ಪ್ರತೀಕ್ಷಾ ಬಾಗಡಿ. ಗದೆ ಬಂತು, ಸಂತೋಷ. ಆದರೆ ಎಂಟು ವರ್ಷದ ಹುಡುಗಿ ಜೋಡ ಬೇಡುತ್ತಾ ಕಣ ಸುತ್ತಿದರೆ ಅವಳ ಎದುರು ನಿಲ್ಲಿಸಲು ಇನ್ನೊಬ್ಬ ಹುಡುಗಿ ಆ ಜಾತ್ರೆಯಲ್ಲಿ ಇರಬೇಕಲ್ಲ. ಬಿರುದು ಮೇಲಿನಿಂದ ಬಂದಿದೆ, ರೇವಡಿ ಇನ್ನೂ ಕೆಳಗಿನಿಂದ ಹುಟ್ಟಬೇಕು.

ಸಮಯ ಮುಗಿಯಿತು ಅಂತ ಸೂಚನೆ ಬಂದಿದೆ. ಕೇಳುತ್ತಿರುವವರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೆಯ ಕುಸ್ತಿ ಹಸ್ತಪತ್ರಿಕೆ ಇದ್ದರೆ ಫೋಟೊ ತೆಗೆದು ಗೋಷ್ಠಿಯ ಸಂಚಾಲಕರಿಗೆ ಕಳಿಸಿ. ಮೇಲಿನ ದೊಡ್ಡ ಪೈಲ್ವಾನರ ಚಿತ್ರ ಮಾತ್ರ ತೆಗೆಯಬೇಡಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಊರಿನ ಹೆಸರಿನ ಸಮೇತ, ಉಳಿದ ಜೋಡಗಳನ್ನು ಅಚ್ಚು ಹಾಕಿರುತ್ತಾರಲ್ಲ, ಆ ಸಾಲುಗಳು ಓದುವಂತಿರಲಿ.